ಕೈಚೆಲ್ಲುವುದು ಮಿದುಳಿನ ಹುಟ್ಟುಗುಣ, ಪಟ್ಟು ಹಿಡಿಯುವುದು ಕಲಿತ ವಿದ್ಯೆ

‘ಮನಸ್ಸು ಗಟ್ಟಿ ಮಾಡ್ಕೊ’ ಅನ್ನುವುದು ಸಂಕಟದಲ್ಲಿರುವವರಿಗೆ ನಮ್ಮಲ್ಲಿ ಸಿಗುವ ಮೊದಲ ಸಲಹೆ. ಮನುಷ್ಯ ಸಹಜವಾಗಿ ಹೋರಾಡುವವನು, ಕೈಚೆಲ್ಲಿ ಕೂತವನಲ್ಲಿ ಏನೋ ಕೊರತೆಯಿದೆ ಎಂಬ ನಂಬಿಕೆ ಅದರ ಬೆನ್ನಿಗಿದೆ. ಮಿದುಳಿನ ಒಳಗೆ ನಡೆಯುವುದು ಹೆಚ್ಚುಕಡಿಮೆ ಇದಕ್ಕೆ ತದ್ವಿರುದ್ಧ. ಕಷ್ಟ ಬಹಳ ಹೊತ್ತು ಮುಂದುವರಿದರೆ ಸುಮ್ಮನಾಗಿಬಿಡುವುದೇ ಸಸ್ತನಿಗಳ ಮಿದುಳಿನ ಮೂಲ ಪ್ರತಿಕ್ರಿಯೆ. ‘ನಾನು ಏನಾದರೂ ಮಾಡಿದರೆ ಇದು ಬದಲಾಗುತ್ತದೆ’ ಎಂಬುದನ್ನು ಅದು ಅನುಭವದಿಂದ ಕಲಿಯಬೇಕು. ಕಲಿಯಲು ಅವಕಾಶವೇ ಸಿಗದಿದ್ದರೆ ಎಷ್ಟು ಗಟ್ಟಿ ಮಾಡಿಕೊಂಡರೂ ಆಗುವುದು ಅಷ್ಟಕ್ಕಷ್ಟೆ.

ಈ ತಿಳಿವಳಿಕೆ ಬಂದ ಹಾದಿಯೇ ಸ್ವಾರಸ್ಯಕರ. ಅಮೆರಿಕದ ಮನೋವಿಜ್ಞಾನಿಗಳಾದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ 1967ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಎರಡು ಗುಂಪಿನ ನಾಯಿಗಳಿಗೆ ಒಂದೇ ಪ್ರಮಾಣದ ವಿದ್ಯುತ್ ಶಾಕ್ ಕೊಡಲಾಯಿತು. ಮೊದಲ ಗುಂಪಿನ ನಾಯಿ ತಲೆಯಿಂದ ಒಂದು ಫಲಕ ಒತ್ತಿದರೆ ಶಾಕ್ ನಿಲ್ಲುತ್ತಿತ್ತು. ಎರಡನೇ ಗುಂಪಿನದು ಏನು ಮಾಡಿದರೂ ನಿಲ್ಲುತ್ತಿರಲಿಲ್ಲ. ಆಮೇಲೆ ಎರಡೂ ಗುಂಪನ್ನು, ಗಿಡ್ಡ ತಡೆಯೊಂದನ್ನು ಹಾರಿದರೆ ತಪ್ಪಿಸಿಕೊಳ್ಳಬಹುದಾದ ಪೆಟ್ಟಿಗೆಗೆ ಬಿಟ್ಟರು. ಮೊದಲ ಗುಂಪು ಹಾರಿತು. ಎರಡನೇ ಗುಂಪಿನ ಹೆಚ್ಚಿನ ನಾಯಿಗಳು ಹಾರುವ ಪ್ರಯತ್ನವನ್ನೇ ಬಿಟ್ಟು ಶಾಕ್ ಸಹಿಸಿಕೊಂಡವು. ಇವು ಅಸಹಾಯಕತೆಯನ್ನು ಕಲಿತಿವೆ ಎಂದು ವಿಜ್ಞಾನಿಗಳು ತೀರ್ಮಾನಿಸಿದರು. ಮನೋವಿಜ್ಞಾನದ ಪಠ್ಯಗಳಲ್ಲಿ ‘ಕಲಿತ ಅಸಹಾಯಕತೆ’ ಎಂಬ ಹೆಸರು ಭದ್ರವಾಗಿ ಕೂತಿತು.

ಸುಮಾರು 50 ವರ್ಷಗಳ ನಂತರ, 2016ರಲ್ಲಿ, ಅದೇ ಇಬ್ಬರು ಸೇರಿ ‘ನಮ್ಮ ಮೂಲ ಸಿದ್ಧಾಂತ ತಲೆಕೆಳಗಾಗಿತ್ತು’ ಎಂದು ಬರೆದರು. ವಿಜ್ಞಾನದಲ್ಲಿ ಇಷ್ಟು ನೇರವಾಗಿ ಹೇಳುವವರು ಕಡಿಮೆ. ಅಷ್ಟರಲ್ಲಿ ಮೇಯರ್ ನರವಿಜ್ಞಾನಕ್ಕೆ ಹೊರಳಿ, ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಇಲಿಗಳ ಮಿದುಳಿನೊಳಗೆ ಈ ಪ್ರಶ್ನೆಯನ್ನು ಬೆನ್ನಟ್ಟಿದ್ದರು. ಅವರ ತಂಡ ಕಂಡದ್ದು ಹೀಗೆ. ಮಿದುಳುಕಾಂಡದಲ್ಲಿ ಡಾರ್ಸಲ್ ರಾಫೆ ಎಂಬ ನರಕೋಶಗಳ ಗುಂಪಿದೆ. ಸೆರಟೋನಿನ್ ಎಂಬ ರಾಸಾಯನಿಕ ತಯಾರಿಸುವುದು ಅದರ ಕಸುಬು. ತೊಂದರೆ ತಪ್ಪಿಸಿಕೊಳ್ಳಲಾಗದೆ ಮುಂದುವರಿದಾಗ ಈ ಕೋಶಗಳು ಜೋರಾಗಿ ಮಿಡಿಯುತ್ತವೆ, ಸೆರಟೋನಿನ್ ಹಲವು ಭಾಗಗಳಿಗೆ ಹರಿಯುತ್ತದೆ, ಭಯ ಹೆಚ್ಚುತ್ತದೆ, ತಪ್ಪಿಸಿಕೊಳ್ಳುವ ಚಲನೆ ಅಡಗುತ್ತದೆ. ಸೆರಟೋನಿನ್ ಅಂದರೆ ‘ಸಂತೋಷದ ಹಾರ್ಮೋನು’ ಎಂದು ವಾಟ್ಸಾಪ್‌ನಲ್ಲಿ ಓದಿಕೊಂಡವರಿಗೆ ಇದು ವಿಚಿತ್ರ ಅನ್ನಿಸಬಹುದು. ಯಾವ ಭಾಗದಲ್ಲಿ, ಎಷ್ಟು, ಎಷ್ಟು ಹೊತ್ತು ಎಂಬುದರ ಮೇಲೆ ಅದರ ಕೆಲಸ ಬದಲಾಗುತ್ತದೆ. ಒಂದು ರಾಸಾಯನಿಕಕ್ಕೆ ಒಂದು ಭಾವನೆ ಎಂಬ ಲೆಕ್ಕ ಮಿದುಳಿನಲ್ಲಿ ಎಲ್ಲಿಯೂ ಇಲ್ಲ.

ಇದನ್ನು ತಡೆಯುವುದು ಹಣೆಯ ಹಿಂದೆ, ಒಳಬದಿಯ ಕೆಳಭಾಗದಲ್ಲಿರುವ ಪ್ರಿಫ್ರಂಟಲ್ ಕಾರ್ಟೆಕ್ಸ್‌ನ ಒಂದು ತುಂಡು. ‘ನಾನು ಮಾಡಿದ್ದರಿಂದ ತೊಂದರೆ ನಿಂತಿತು’ ಎಂಬುದು ಗೊತ್ತಾದ ಕೂಡಲೇ ಅಲ್ಲಿಂದ ರಾಫೆಗೆ ಬ್ರೇಕ್ ಬೀಳುತ್ತದೆ. 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಭಾಗವನ್ನು ಔಷಧದಿಂದ ತಾತ್ಕಾಲಿಕವಾಗಿ ಸುಮ್ಮನಾಗಿಸಿದರು. ಆಗ ಚಕ್ರ ತಿರುಗಿಸಿ ಶಾಕ್ ನಿಲ್ಲಿಸಬಲ್ಲ ಇಲಿಯೂ, ನಿಲ್ಲಿಸುತ್ತಲೇ ಇದ್ದರೂ, ಅಸಹಾಯಕ ಇಲಿಯಂತೆಯೇ ಆಯಿತು. ಮುಂದಿನ ಪ್ರಯೋಗಗಳಲ್ಲಿ ತಿರುಗುಮುರುಗು ಮಾಡಿ ನೋಡಿದರು: ನಿಯಂತ್ರಣವಿಲ್ಲದ ಇಲಿಯಲ್ಲಿ ಅದೇ ಭಾಗವನ್ನು ಚುರುಕುಗೊಳಿಸಿದಾಗ ಅದು ಅಸಹಾಯಕವಾಗಲಿಲ್ಲ. ಎಲ್ಲಕ್ಕಿಂತ ಉಪಯೋಗಕ್ಕೆ ಬರುವ ಸಂಗತಿ ಬೇರೆ. ಒಮ್ಮೆ ತಾನೇ ನಿಲ್ಲಿಸಬಹುದಾದ ಕಷ್ಟವನ್ನು ಅನುಭವಿಸಿದ ಇಲಿ, ಮುಂದೆ ನಿಲ್ಲಿಸಲಾಗದ ಕಷ್ಟ ಬಂದಾಗಲೂ ಕುಸಿಯಲಿಲ್ಲ. ಸಣ್ಣ ಹಿಡಿತದ ಅನುಭವವೊಂದು ಮುಂದಿನ ದೊಡ್ಡ ಹೊಡೆತಕ್ಕೆ ಲಸಿಕೆಯಾಯಿತು.

ಇನ್ನು ದೇಹದ ಕಡೆ ಬರೋಣ, ಏಕೆಂದರೆ ಇದೆಲ್ಲ ನಡೆಯುವಾಗ ಮೈ ಸುಮ್ಮನಿರುವುದಿಲ್ಲ. ಸೆಕೆಂಡುಗಳಲ್ಲಿ ಅಡ್ರಿನಲಿನ್ ಬಿಡುಗಡೆಯಾಗುತ್ತದೆ. ಎದೆ ಡವಡವ, ಅಂಗೈ ಬೆವರು, ಬಾಯಿ ಒಣಗುವುದು ಎಲ್ಲ ಅದರ ಮತ್ತು ಜೊತೆಗೇ ಕೆರಳುವ ನರಗಳ ಕೆಲಸ. ಇನ್ನೊಂದು ಸಾಲು ನಿಧಾನದ್ದು. ಮಿದುಳಿನ ತಳದ ಹೈಪೊಥಲಾಮಸ್ ಅದರ ಕೆಳಗಿನ ಪಿಟ್ಯುಟರಿ ಗ್ರಂಥಿಗೆ ಸೂಚನೆ ಕೊಡುತ್ತದೆ, ಪಿಟ್ಯುಟರಿ ರಕ್ತದ ಮೂಲಕ ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಗೆ ಹೇಳಿಕಳಿಸುತ್ತದೆ, ಅವು ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನನ್ನು ಸುರಿಸುತ್ತವೆ. ಕಾರ್ಟಿಸೋಲ್ ತುತ್ತತುದಿ ಮುಟ್ಟುವುದು ಕಷ್ಟ ಶುರುವಾಗಿ 20ರಿಂದ 30 ನಿಮಿಷಕ್ಕೆ. ಇಳಿಯಲು ಮತ್ತೆ ಒಂದು ಗಂಟೆಯಾದರೂ ಬೇಕು. ಮ್ಯಾನೇಜರ್ ಮೀಟಿಂಗ್‌ನಲ್ಲಿ ಬೈದು ಹೋದ ಕಾಲು ಗಂಟೆಗೆ ಬರೆದ ಮೇಲ್ ಕಳಿಸಬೇಡಿ ಎನ್ನುವುದಕ್ಕೆ ಇದು ಸಾಕಷ್ಟು ಕಾರಣ. ಜಗಳ ಮುಗಿದಿರುತ್ತದೆ, ಕಾರ್ಟಿಸೋಲ್ ಇನ್ನೂ ಏರುತ್ತಿರುತ್ತದೆ.

ಎಲ್ಲ ಕಷ್ಟಕ್ಕೂ ಕಾರ್ಟಿಸೋಲ್ ಒಂದೇ ಸಮನೆ ಏರುವುದಿಲ್ಲ. ಪ್ರಯೋಗಾಲಯದಲ್ಲಿ ನಡೆದ 208 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ 2004ರ ಸಮೀಕ್ಷೆಯೊಂದರಲ್ಲಿ ಅತಿ ಹೆಚ್ಚು ಏರಿಕೆ ಕಂಡದ್ದು ಎರಡು ಅಂಶ ಸೇರಿದಾಗ: ಬೇರೆಯವರು ನಮ್ಮನ್ನು ಅಳೆಯುತ್ತಿದ್ದಾರೆ ಎಂಬ ಅಳುಕು, ಮತ್ತು ಫಲಿತಾಂಶ ನಮ್ಮ ಕೈಯಲ್ಲಿಲ್ಲ ಎಂಬ ಸ್ಥಿತಿ. ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ 40 ನಿಮಿಷ ಸಿಕ್ಕಿಹಾಕಿಕೊಂಡರೆ ರೇಗುತ್ತದೆ, ನಿಜ. ಆದರೆ ಅದೇ 40 ನಿಮಿಷದ ಕೊನೆಗೆ ಸಂದರ್ಶನವಿದ್ದರೆ ಮೈಯೇ ಬೇರೆ ರೀತಿ ನಡೆದುಕೊಳ್ಳುತ್ತದೆ.

ಪರೀಕ್ಷೆಯ ಕೊಠಡಿಯಲ್ಲಿ ಈ ಎರಡೂ ಸೇರುತ್ತವೆ. ವಿಜಯನಗರದ ಒಂದು ಕೋಚಿಂಗ್ ಸೆಂಟರಿನಲ್ಲಿ ಸಿಇಟಿ ಮಾದರಿ ಪರೀಕ್ಷೆ ನಡೆಯುತ್ತಿದೆ ಎಂದುಕೊಳ್ಳಿ. ಭೌತವಿಜ್ಞಾನ, 60 ಪ್ರಶ್ನೆ, 80 ನಿಮಿಷ. ಹುಡುಗಿಗೆ ಮೂರನೇ ಪ್ರಶ್ನೆ ಹೊಳೆಯಲಿಲ್ಲ. ನಾಲ್ಕನೆಯದನ್ನು ಓದಿದಳು, ಅಕ್ಷರ ಕಾಣುತ್ತದೆ, ಅರ್ಥ ಹತ್ತುವುದಿಲ್ಲ. ‘ತಲೆ ಓಡ್ತಿಲ್ಲ’ ಎಂದು ಆಮೇಲೆ ಅವಳು ಹೇಳಿದರೆ ಅದು ಅಕ್ಷರಶಃ ಸತ್ಯ. ಕೆಲಸದ ನೆನಪು, ಅಂದರೆ ಲೆಕ್ಕದ ಹಂತಗಳನ್ನು ಆ ಹೊತ್ತಿಗೆ ತಲೆಯಲ್ಲಿ ಹಿಡಿದಿಟ್ಟುಕೊಳ್ಳುವುದು, ಪ್ರಿಫ್ರಂಟಲ್ ಕಾರ್ಟೆಕ್ಸ್‌ನ ಪಾಲು. ಅಲ್ಲಿಗೆ ನಾರ್‌ಅಡ್ರಿನಲಿನ್ ಎಂಬ, ಎಚ್ಚರ ಹೆಚ್ಚಿಸುವ ರಾಸಾಯನಿಕ ಹದವಾಗಿ ಬಂದರೆ ಗಮನ ಚುರುಕಾಗುತ್ತದೆ. ಮಿತಿ ಮೀರಿ ಬಂದರೆ ಬೇರೆ ಬಗೆಯ ಗ್ರಾಹಕಗಳು ತೆರೆದುಕೊಂಡು ಅಲ್ಲಿನ ನರಕೋಶಗಳ ಸಂಪರ್ಕ ದುರ್ಬಲವಾಗುತ್ತದೆ. ಯೇಲ್ ವಿಶ್ವವಿದ್ಯಾಲಯದ ಏಮಿ ಆರ್ನ್‌ಸ್ಟನ್ ಇದನ್ನು ದಶಕಗಳ ಕಾಲ ವಿವರವಾಗಿ ತೋರಿಸಿದ್ದಾರೆ. ಅದೇ ಹೊತ್ತಿಗೆ ಕಿವಿಯ ಮಟ್ಟದಲ್ಲಿ, ಮಿದುಳಿನ ಆಳದಲ್ಲಿರುವ ಬಾದಾಮಿ ಗಾತ್ರದ ಅಮಿಗ್ಡಲಾಗೆ ಬಲ ಬರುತ್ತದೆ. ಹಾವು ಕಂಡರೆ ಯೋಚಿಸುತ್ತ ನಿಲ್ಲಬಾರದು, ಆದ್ದರಿಂದ ಇದು ಒಳ್ಳೆಯ ಏರ್ಪಾಡೇ. ಹಾವಿನ ಜಾಗದಲ್ಲಿ ಪ್ರಶ್ನೆಪತ್ರಿಕೆ ಬಂದದ್ದು ತೊಂದರೆ.

ಅವಳು ಅಲ್ಲಿ ಮಾಡಬೇಕಾದದ್ದು ಇಷ್ಟು. ಪೆನ್ನು ಕೆಳಗಿಟ್ಟು, ಮೂಗಿನಿಂದ 4 ಸೆಕೆಂಡು ಉಸಿರೆಳೆದು, 6 ಸೆಕೆಂಡು ಬಿಡುವುದು. ಆರು ಸಲ ಮಾಡಿದರೆ ಒಂದು ನಿಮಿಷ, 80ರಲ್ಲಿ ಅದು ದೊಡ್ಡ ನಷ್ಟವಲ್ಲ. ಉಸಿರು ಬಿಡುವಾಗ, ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರದ ಪ್ರಭಾವ ಹೆಚ್ಚಿ ಹೃದಯ ಬಡಿತ ಇಳಿಯುತ್ತದೆ, ಅದಕ್ಕೇ ಬಿಡುವುದು ಉದ್ದವಾಗಬೇಕು. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ‘ಡೀಪ್ ಬ್ರೀತ್’ ಎಂದ ಕೂಡಲೇ ಎದೆಯುಬ್ಬಿಸಿ ಬೇಗಬೇಗ ಎಳೆಯುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಸುತ್ತುತ್ತದೆ, ಬೆರಳು ಜುಮ್ಮೆನ್ನುತ್ತದೆ, ಗಾಬರಿ ಇನ್ನಷ್ಟು ಏರುತ್ತದೆ. ಉಸಿರಾದ ಮೇಲೆ ಮೂರನೇ ಪ್ರಶ್ನೆಗೆ ಮರಳುವುದಲ್ಲ, ಪುಟ ತಿರುವಿ ಖಂಡಿತ ಬರುವ ಒಂದು ಪ್ರಶ್ನೆ ಹುಡುಕಿ ಉತ್ತರಿಸುವುದು, ಆಮೇಲೆ ಅಂಥದೇ ಇನ್ನೊಂದು. ಇದು ಬರೀ ಅಂಕದ ಜಾಣತನವಲ್ಲ. ಮಾಡಿದೆ, ಆಯಿತು ಎಂಬ ಸಂಕೇತ ಮಿದುಳಿಗೆ ಮತ್ತೆ ಸಿಗುತ್ತದೆ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಬಿಟ್ಟದ್ದಕ್ಕೆ ಕೊನೆಯಲ್ಲಿ ಊಹಿಸಿ ಗುರುತು ಹಾಕಲು ಅಡ್ಡಿಯಿಲ್ಲ. ನೀಟ್‌ನಲ್ಲಿ ಈ ಧೈರ್ಯ ಬೇಡ.

ಒಂದು ದಿನದ ಒತ್ತಡ ಒಂದು ಬಗೆ, ತಿಂಗಳುಗಟ್ಟಲೆಯದು ಇನ್ನೊಂದು. ಎರಡನೆಯದರ ಬಗ್ಗೆ ಜಗತ್ತಿಗೆ ಗೊತ್ತಿರುವ ಮುಖ್ಯ ಸಂಗತಿಗಳಲ್ಲಿ ಕೆಲವು ಬೆಂಗಳೂರಿನ ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿ ಸಿಕ್ಕಿದವು. ಅಲ್ಲಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರ, ಎಲ್ಲರೂ ಎನ್‌ಸಿಬಿಎಸ್ ಎನ್ನುವ ಸಂಸ್ಥೆಯಲ್ಲಿ, ಸುಮಂತ್ರ ಚಟರ್ಜಿಯವರ ತಂಡ ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಹಿಡಿದಿಟ್ಟಿತು. 2002ರಲ್ಲಿ ಪ್ರಕಟವಾದ ಫಲಿತಾಂಶ: ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನಲ್ಲಿ ನರಕೋಶಗಳ ಕವಲುಗಳು ಕುಗ್ಗಿದ್ದವು, ಭಯಕ್ಕೆ ಸಂಬಂಧಿಸಿದ ಅಮಿಗ್ಡಲಾದಲ್ಲಿ ಬೆಳೆದಿದ್ದವು. ಅದುವರೆಗೆ ಒತ್ತಡ ಅಂದರೆ ನರಕೋಶಗಳು ಸೊರಗುವುದು ಎಂದೇ ಎಲ್ಲರ ಗ್ರಹಿಕೆ. ಒಂದೇ ಒತ್ತಡ ಒಂದೆಡೆ ಕುಗ್ಗಿಸಿ ಮತ್ತೊಂದೆಡೆ ಬೆಳೆಸುತ್ತದೆ ಎಂಬುದು ಹೊಸದು.

ಎರಡು ವರ್ಷ ಬಿಟ್ಟು ಬಂದ ಫಲಿತಾಂಶ ಇನ್ನೂ ಕಟುವಾದದ್ದು. ಒತ್ತಡ ನಿಲ್ಲಿಸಿ 21 ದಿನ ಆರಾಮವಾಗಿ ಬಿಟ್ಟಾಗ ಹಿಪೊಕ್ಯಾಂಪಸ್ ಚೇತರಿಸಿಕೊಂಡಿತು. ಅಮಿಗ್ಡಲಾದ ಬೆಳವಣಿಗೆ ಹಾಗೇ ಉಳಿಯಿತು, ಇಲಿಗಳ ಆತಂಕವೂ ಹಾಗೇ ಇತ್ತು. 2005ರಲ್ಲಿ ಅದೇ ತಂಡ, ಕೇವಲ ಒಂದು ಸಲ 2 ಗಂಟೆ ಹಿಡಿದಿಟ್ಟರೂ ಸಾಕು ಎಂದು ತೋರಿಸಿತು. ಮರುದಿನ ನೋಡಿದರೆ ಏನೂ ಇಲ್ಲ, 10 ದಿನ ಬಿಟ್ಟು ನೋಡಿದರೆ ಅಮಿಗ್ಡಲಾದಲ್ಲಿ ಹೊಸ ಸಂಪರ್ಕಗಳ ಮೊಗ್ಗುಗಳು, ಜೊತೆಗೆ ಆತಂಕ. ಅಪಘಾತವೋ ಹಲ್ಲೆಯೋ ಆದ ಮಾರನೆಯ ದಿನ ‘ಏನೂ ಆಗಿಲ್ಲ, ಚೆನ್ನಾಗೇ ಇದ್ದೀನಿ’ ಎಂದು ಓಡಾಡಿದವರು ಎರಡು ವಾರಕ್ಕೆ ನಿದ್ದೆಗೆಟ್ಟು ಕೂರುವುದನ್ನು ನೋಡಿದವರಿಗೆ ಈ ಪ್ರಯೋಗ ಯಾಕೆ ಮುಖ್ಯವೆಂದು ವಿವರಿಸಬೇಕಿಲ್ಲ. ಇಲಿಯ ದಿನಗಳ ಲೆಕ್ಕವನ್ನು ಮನುಷ್ಯನಿಗೆ ಹಾಗೇ ಹಚ್ಚಲಾಗದು. ಆದರೆ ಒಂದು ವಾರ ರಜೆ ಹಾಕಿ ಕೊಡಗಿಗೆ ಹೋಗಿ ಬಂದರೂ ಅಳುಕು ಹೋಗಿಲ್ಲ ಎನ್ನುವವರನ್ನು ನಾಟಕವಾಡುತ್ತಿದ್ದಾರೆ ಎನ್ನುವ ಮೊದಲು ಇದನ್ನು ನೆನೆಯಬಹುದು.

ಹಾಗಾದರೆ ಪಟ್ಟು ಹಿಡಿಯುವ ಶಕ್ತಿ ಎಲ್ಲಿದೆ? ಒಂದೇ ಜಾಗದಲ್ಲಿಲ್ಲ, ಆದರೂ ಒಂದು ಜಾಗ ಪದೇಪದೇ ಎದುರಾಗುತ್ತದೆ. ಎರಡು ಅರೆಗೋಳಗಳು ಎದುರುಬದುರಾಗುವ ಒಳಗೋಡೆಯಲ್ಲಿ, ಮಧ್ಯ ಸಿಂಗ್ಯುಲೇಟ್‌ನ ಮುಂಭಾಗದಲ್ಲಿ. 2013ರಲ್ಲಿ ಸ್ಟ್ಯಾನ್‌ಫರ್ಡ್ ವೈದ್ಯರು ಮೂರ್ಛೆರೋಗದ ಚಿಕಿತ್ಸೆಗಾಗಿ ಎಲೆಕ್ಟ್ರೋಡ್ ಅಳವಡಿಸಿದ್ದ ಇಬ್ಬರಲ್ಲಿ ಈ ಭಾಗಕ್ಕೆ ಸಣ್ಣ ವಿದ್ಯುತ್ ಹರಿಸಿದರು. ಇಬ್ಬರ ಎದೆಬಡಿತವೂ ಹೆಚ್ಚಿತು, ಏನೋ ಕಷ್ಟ ಬರುತ್ತಿದೆ, ಅದನ್ನು ದಾಟಿಯೇ ತೀರುತ್ತೇನೆ ಎಂಬ ಭಾವ ಇಬ್ಬರಿಗೂ ಬಂತು. ಗಮನಿಸಬೇಕಾದದ್ದು, ಛಲದ ಜೊತೆ ಕಷ್ಟದ ಅರಿವೂ ಒಟ್ಟಿಗೇ ಬಂತು. ಈ ಭಾಗ ಪಡುವ ಶ್ರಮಕ್ಕೂ ಬರುವ ಫಲಕ್ಕೂ ತಾಳೆ ಹಾಕುತ್ತದೆ ಎಂಬುದು ಈಗಿರುವ ವಿವರಣೆಗಳಲ್ಲಿ ಒಂದು. ಹಾಗಾಗಿ ಹಟಮಾರಿಗಳಿಗೆ ಕಷ್ಟ ಗೊತ್ತಾಗುವುದಿಲ್ಲ ಎಂಬ ಮಾತಿಗೆ ಆಧಾರ ಸಾಲದು.

ಬಿಡು ಎಂದು ಹೇಳುವುದಕ್ಕೂ ಮಿದುಳಿನಲ್ಲಿ ವ್ಯವಸ್ಥೆಯಿದೆ. 2019ರಲ್ಲಿ ಅಮೆರಿಕದ ಜನೇಲಿಯಾ ಸಂಶೋಧನಾ ಕೇಂದ್ರದಲ್ಲಿ ಜೀಬ್ರಾ ಮೀನಿನ ಮರಿಗಳನ್ನು ಕೃತಕ ದೃಶ್ಯದ ಮುಂದೆ ಕಟ್ಟಿಹಾಕಿ, ಎಷ್ಟು ಈಜಿದರೂ ಮುಂದೆ ಸಾಗುತ್ತಿಲ್ಲ ಎಂಬ ಭ್ರಮೆ ಹುಟ್ಟಿಸಿದರು. ಮೊದಲು ಜೋರಾಗಿ ಬಾಲ ಬಡಿದವು, ಕೆಲಹೊತ್ತಿಗೆ ನಿಲ್ಲಿಸಿದವು. ಪ್ರತಿ ಸೋಲಿಗೂ ನಾರ್‌ಅಡ್ರಿನಲಿನ್ ಕೋಶಗಳು ಮಿಡಿಯುತ್ತಿದ್ದವು, ಆ ಮಿಡಿತಗಳನ್ನು ಗ್ಲಿಯಾ ಕೋಶಗಳು ಕೂಡಿಡುತ್ತಿದ್ದವು, ಲೆಕ್ಕ ತುಂಬಿದಾಗ ಈಜನ್ನು ನಿಲ್ಲಿಸುತ್ತಿದ್ದವು. ನರಕೋಶಗಳ ಆಳುಗಳೆಂದು ಬಹುಕಾಲ ಕಡೆಗಣಿಸಿದ್ದ ಗ್ಲಿಯಾಗಳೇ ಸೋಲಿನ ಲೆಕ್ಕ ಇಡುತ್ತಿದ್ದವು. ಅವನ್ನು ಅಡಗಿಸಿದರೆ ಮೀನು ಬಿಡದೆ ಬಡಿಯುತ್ತಿತ್ತು, ಫಲವಿಲ್ಲದೆ ಶಕ್ತಿ ಕಳೆಯುತ್ತಿತ್ತು. ಬಿಟ್ಟುಕೊಡುವುದು ಯಂತ್ರ ಕೆಟ್ಟ ಗುರುತಲ್ಲ, ಯಂತ್ರದ್ದೇ ಒಂದು ಭಾಗ. ಐದನೇ ವರ್ಷವೂ ಅದೇ ಪರೀಕ್ಷೆ ಕಟ್ಟುತ್ತಿರುವವನಿಗೆ ‘ಛಲ ಬಿಡಬೇಡ’ ಎನ್ನುವ ಬಂಧುಗಳು ಆ ಮೀನಿನಷ್ಟಾದರೂ ಲೆಕ್ಕ ಹಾಕಬೇಕು.

ಈಗ ಪೀಣ್ಯದ ಅಥವಾ ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸ್ ಲೈನ್ ನೋಡಿ. ಗಂಟೆಗೆ ಇಷ್ಟು ಕಾಲರ್ ಎಂದು ಬೋರ್ಡಿನಲ್ಲಿ ಬರೆದಿರುತ್ತಾರೆ. ಹಿಂದಿನ ಮೆಷಿನ್‌ನಿಂದ ಬಂಡಲ್ ತಡವಾಗಿ ಬಂದರೂ ಟಾರ್ಗೆಟ್ ಇಳಿಯುವುದಿಲ್ಲ. ಕಡಿಮೆಯಾದರೆ ಇಡೀ ಲೈನಿನ ಎದುರು ಸೂಪರ್‌ವೈಸರ್ ಬಾಯಿ. ಮೇಲೆ ಹೇಳಿದ ಎರಡೂ ಅಂಶ, ಕೈಯಲ್ಲಿಲ್ಲದ ಫಲಿತಾಂಶ ಮತ್ತು ಎಲ್ಲರೆದುರಿನ ಅವಮಾನ, ಇಲ್ಲಿ ಗಂಟೆಗೊಮ್ಮೆ ಸೇರುತ್ತವೆ. ಲಂಡನ್‌ನ ಸರ್ಕಾರಿ ನೌಕರರ ಮೇಲೆ 1985ರಲ್ಲಿ ಶುರುವಾದ ಎರಡನೇ ವೈಟ್‌ಹಾಲ್ ಅಧ್ಯಯನದಲ್ಲಿ 10,308 ಜನರಿದ್ದರು. ಕೆಲಸದ ಮೇಲೆ ಹಿಡಿತ ಕಡಿಮೆ ಇದ್ದವರಲ್ಲಿ ಹೃದ್ರೋಗ ಹೆಚ್ಚು ಎಂದು ಅದು ತೋರಿಸಿತು. ಇಂಥ ಕಡೆ ಭಾನುವಾರ ಒಂದು ಧ್ಯಾನ ಶಿಬಿರ ನಡೆಸಿ ಕೈತೊಳೆದುಕೊಳ್ಳುವುದು ಅನ್ಯಾಯ. ಬಂಡಲ್ ತಡವಾದ ನಿಮಿಷಗಳನ್ನು ಟಾರ್ಗೆಟ್‌ನಿಂದ ಕಳೆದರೆ, ಬೈಯುವುದಿದ್ದರೆ ಪಕ್ಕಕ್ಕೆ ಕರೆದು ಹೇಳಿದರೆ, ಉಸಿರಾಟದ ಪಾಠಕ್ಕಿಂತ ಹೆಚ್ಚು ಕೆಲಸವಾಗುತ್ತದೆ. ಹೊರವರ್ತುಲ ರಸ್ತೆಯ ಐಟಿ ಕಚೇರಿಗೂ ಇದೇ ಮಾತು. ರಾತ್ರಿ ಆನ್‌ಕಾಲ್ ಇರುವ ಎಂಜಿನಿಯರ್‌ಗೆ ಸಿಸ್ಟಮ್ ಕೆಟ್ಟಾಗ ಸರಿಪಡಿಸುವ ಅನುಮತಿಯೇ ಇಲ್ಲದೆ ಬರೀ ಫೋನ್ ಎತ್ತುವ ಹೊಣೆ ಕೊಟ್ಟರೆ, ಮೊದಲು ಹೇಳಿದ ಎರಡನೇ ಗುಂಪಿನ ನಾಯಿಗಳ ಪಾಡೇ ಅವನದೂ.

ಸ್ವಂತ ಮಟ್ಟದಲ್ಲಿ ಮಾಡಬಹುದಾದದ್ದರಲ್ಲಿ ಕ್ರಮ ಮುಖ್ಯ. ಮೊದಲು ಮೈ, ಆಮೇಲೆ ಮಾತು, ಆಮೇಲೆ ಕೆಲಸ. ಎದೆ ಹೊಡೆದುಕೊಳ್ಳುತ್ತಿರುವಾಗ ತರ್ಕ ಕೇಳುವ ಭಾಗ ಮಂಕಾಗಿರುತ್ತದೆ, ಆಗ ‘ಯೋಚಿಸಿ ನೋಡು’ ಎನ್ನುವುದು ವ್ಯರ್ಥ. ಹತ್ತು ನಿಮಿಷ ಬಿರುಸಾಗಿ ನಡೆಯುವುದು ಅಥವಾ ಮೇಲೆ ಹೇಳಿದ 4-6ರ ಉಸಿರು ಐದು ನಿಮಿಷ. ಮಾತಿನ ಹಂತದಲ್ಲಿ ಅನಿಸುತ್ತಿರುವುದನ್ನು ಖಚಿತವಾಗಿ ಹೇಳಿಕೊಳ್ಳುವುದು: ಅವಮಾನವೋ, ಕೆಲಸ ಹೋಗುತ್ತದೆಂಬ ಹೆದರಿಕೆಯೋ, ಅಪ್ಪನಿಗೆ ಮುಖ ತೋರಿಸಲಾಗದ ಅಳುಕೋ. ಮುಖಭಾವದ ಚಿತ್ರಗಳಿಗೆ ಭಾವನೆಯ ಹೆಸರು ಕೊಟ್ಟಾಗ ಅಮಿಗ್ಡಲಾ ಚಟುವಟಿಕೆ ಇಳಿಯುವುದನ್ನು ಲಾಸ್ ಏಂಜಲೀಸ್‌ನ ಸಂಶೋಧಕರು 2007ರಲ್ಲಿ ಸ್ಕ್ಯಾನರ್‌ನಲ್ಲಿ ತೋರಿಸಿದ್ದಾರೆ. ಒಂದು ವಾಕ್ಯ ಸಾಕು. ‘ನನಗೇ ಯಾಕೆ ಹೀಗೆ’ ಎಂದು ಒಂದು ಗಂಟೆ ಮೆಲುಕು ಹಾಕಿದರೆ ಅದು ಹೆಸರಿಸುವುದಲ್ಲ, ಗಾಯ ಕೆರೆಯುವುದು. ಕೊನೆಯ ಹಂತಕ್ಕೆ ಕೆಲಸ ಚಿಕ್ಕದಿರಬೇಕು, ಹತ್ತು ಹದಿನೈದು ನಿಮಿಷದಲ್ಲಿ ಮುಗಿಯುವಂಥದ್ದು, ಮುಗಿಯಿತೋ ಇಲ್ಲವೋ ಎಂದು ಕಣ್ಣಿಗೆ ಕಾಣುವಂಥದ್ದು. ‘ಇವತ್ತಿಂದ ಚೆನ್ನಾಗಿ ಓದ್ತೀನಿ’ ಎನ್ನುವುದು ಈ ಲೆಕ್ಕಕ್ಕೆ ಬರುವುದಿಲ್ಲ. ‘ಆಪ್ಟಿಕ್ಸ್‌ನ ನಾಲ್ಕು ಲೆಕ್ಕ’ ಬರುತ್ತದೆ.

ನಿದ್ದೆಯ ವಿಷಯದಲ್ಲಿ ರಾಜಿ ಇಲ್ಲ. ಸುಮಾರು 35 ಗಂಟೆ ಎಚ್ಚರವಿದ್ದವರ ಅಮಿಗ್ಡಲಾ ಅಹಿತಕರ ಚಿತ್ರಗಳಿಗೆ ಶೇ 60ರಷ್ಟು ಹೆಚ್ಚು ಪ್ರತಿಕ್ರಿಯಿಸಿದ್ದು 2007ರ ಇನ್ನೊಂದು ಅಧ್ಯಯನದಲ್ಲಿ ಕಂಡಿತು. ಕೆಫೀನ್‌ನ ಅರ್ಧದಷ್ಟು ಮೈಯಿಂದ ಹೊರಹೋಗಲು ಸುಮಾರು 5 ಗಂಟೆ ಬೇಕು. ಸಂಜೆ 6ಕ್ಕೆ ದರ್ಶಿನಿಯಲ್ಲಿ ನಿಂತು ಕುಡಿದ ಫಿಲ್ಟರ್ ಕಾಫಿಯ ಅರ್ಧ ರಾತ್ರಿ 11ಕ್ಕೂ ರಕ್ತದಲ್ಲಿರುತ್ತದೆ. ಮದ್ಯದ್ದು ಇನ್ನೊಂದು ಮೋಸ: ಬೇಗ ನಿದ್ದೆ ಹತ್ತಿಸಿ, ಇಳಿಯುವಾಗ ಮಧ್ಯರಾತ್ರಿ ಎಬ್ಬಿಸುತ್ತದೆ, ಬೆಳಿಗ್ಗೆ ಆತಂಕ ಹೆಚ್ಚಿಸಿ ಬಿಡುತ್ತದೆ.

ಬೇಜಾರು ಅಥವಾ ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು ಎರಡು ವಾರ, ದಿನದ ಹೆಚ್ಚು ಹೊತ್ತು ಉಳಿದರೆ, ಜೊತೆಗೆ ನಿದ್ದೆ, ಹಸಿವು, ಗಮನ ಕೆಟ್ಟಿದ್ದರೆ, ಇದು ಸ್ವಂತ ಅಭ್ಯಾಸದಿಂದ ಸರಿಹೋಗುವ ಹಂತ ದಾಟಿದೆ ಎಂದರ್ಥ. ಸಾಯಬೇಕೆಂಬ ಯೋಚನೆ ಬಂದರೆ ಎರಡು ವಾರ ಕಾಯುವ ಮಾತೇ ಇಲ್ಲ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಶುಲ್ಕವಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ತುರ್ತು ವಿಭಾಗವಿದೆ. ‘ನಿಮ್ಹಾನ್ಸ್‌ಗೆ ಹೋದ’ ಎಂದರೆ ಇಂದಿಗೂ ಕೆಲವರು ಮುಖ ಮುಖ ನೋಡಿಕೊಳ್ಳುತ್ತಾರೆ, ನೋಡಿಕೊಳ್ಳಲಿ.

ವೈದ್ಯರು ಖಿನ್ನತೆಗೆ ಮಾತ್ರೆ ಬರೆದುಕೊಟ್ಟರೆ ಮೊದಲ ಒಂದೆರಡು ವಾರ ಹೊಟ್ಟೆ ತೊಳಸುವುದು, ಸ್ವಲ್ಪ ಚಡಪಡಿಕೆ ಮಾತ್ರ ಗೊತ್ತಾಗಬಹುದು. ಗುಣ ಕಾಣಲು 2ರಿಂದ 4 ವಾರ, ಕೆಲವೊಮ್ಮೆ 6 ವಾರ ಬೇಕು. ಚಡಪಡಿಕೆ ತೀರಾ ಹೆಚ್ಚಾದರೆ, ಅದರಲ್ಲೂ ಹದಿಹರೆಯದವರಲ್ಲಿ, ಅಂದೇ ವೈದ್ಯರಿಗೆ ಹೇಳಬೇಕು. ಹೆಚ್ಚಿನವರಲ್ಲಿ ಮೊದಲು ಸರಿಹೋಗುವುದು ನಿದ್ದೆ ಮತ್ತು ಹಸಿವು, ಕೆಲಸದಲ್ಲಿ ಹುಮ್ಮಸ್ಸು ತಡವಾಗಿ ಬರುತ್ತದೆ. ನಿದ್ದೆ ಬಂತಲ್ಲ, ಇನ್ನು ಸಾಕು ಎಂದು ಆಗ ಮಾತ್ರೆ ಬಿಡುವವರೇ ಮರಳಿ ಕುಸಿಯುವುದು ಜಾಸ್ತಿ. ಪೂರ್ತಿ ಚೇತರಿಸಿಕೊಂಡ ಮೇಲೂ ಆರು ತಿಂಗಳಾದರೂ ಮುಂದುವರಿಸಿ, ಆಮೇಲೆ ಪ್ರಮಾಣವನ್ನು ಹಂತಹಂತವಾಗಿ ಇಳಿಸಿ ನಿಲ್ಲಿಸುವುದು ರೂಢಿ. ಒಮ್ಮೆಗೇ ಬಿಟ್ಟರೆ ಬರುವ ತಲೆಸುತ್ತು, ಸಿಡುಕು, ಶಾಕ್ ಹೊಡೆದಂಥ ಜುಮ್ಮು ಕಾಯಿಲೆ ಮರುಕಳಿಸಿದ್ದೂ ಅಲ್ಲ, ಮಾತ್ರೆಯ ಚಟವೂ ಅಲ್ಲ. ಮಿದುಳಿಗೆ ಹೊಂದಿಕೊಳ್ಳಲು ವಾರಗಳ ಸಮಯ ಕೊಡಲಿಲ್ಲ, ಅಷ್ಟೆ.